ರೋಮೇನ್ ಸೊಪ್ಪಿಗೆ ಆ ಹೆಸರು ಹೇಗೆ ಬಂತು?

ಕೇಳುಗರೆಲ್ಲರಿಗೂ ನಮಸ್ಕಾರ.

ರೋಮೇನ್ ಲೆಟ್ಯೂಸ್ ಮನೆಗೆ ತಂದರೆ, ಬುಡ ಕೊಯ್ದ ಮೇಲೆ ಒಂದು ನಿಮಿಷ ಸುಮ್ನೆ ನೋಡಿ. ಸೊಪ್ಪು ತಾಜಾ ಇದ್ದರೆ ಅಲ್ಲಿ ಬೆಳ್ಳಗೆ ಹಾಲು ಜಿನುಗುತ್ತದೆ. ಮುಟ್ಟಿದರೆ ಬೆರಳಿಗೆ ಅಂಟು, ನಾಲಿಗೆಗೆ ಕಹಿ. ಲ್ಯಾಟಿನ್ ಭಾಷೆಯಲ್ಲಿ ಹಾಲಿಗೆ ‘ಲಾಕ್’ ಅಂತಾರೆ, ಅದರಿಂದಲೇ ರೋಮನ್ನರು ಈ ಗಿಡವನ್ನು ‘ಲಾಕ್ಟೂಕ’ ಅಂದರು. ಲೆಟ್ಯೂಸ್ ಅನ್ನೋ ಮಾತು ಹುಟ್ಟಿದ್ದೂ ಅಲ್ಲಿಂದಲೇ.

ಇನ್ನು ರೋಮೇನ್. ಫ್ರೆಂಚಿನಲ್ಲಿ ಹಾಗಂದರೆ ‘ರೋಮಿನದು’, ಅಷ್ಟೇ. ಉದ್ದ ಎಲೆ, ಎಲೆಯ ನಡುವೆ ಗಟ್ಟಿ ದಂಟು, ನೆಟ್ಟಗೆ ನಿಲ್ಲುವ ಜಾತಿ. ಅಮೆರಿಕದವರಿಗೆ ಈ ಹೆಸರೇ ರೂಢಿಯಾಯಿತು. ಇಂಗ್ಲೆಂಡಿನಲ್ಲಿ ಮಾತ್ರ ಅದೇ ಸೊಪ್ಪು ‘ಕಾಸ್’. ಟರ್ಕಿಯ ಕರಾವಳಿಗೆ ಹತ್ತಿರ ಕೋಸ್ ಅಂತ ಒಂದು ಗ್ರೀಕ್ ದ್ವೀಪವಿದೆ, ವೈದ್ಯ ಹಿಪೊಕ್ರೆಟಿಸ್ ಹುಟ್ಟಿದ ಜಾಗ, ಅದರ ಹೆಸರೇ ಸೊಪ್ಪಿಗೂ ಬಂತು ಅಂತ ಕೆಲವರು ಹೇಳುತ್ತಾರೆ. ಇಲ್ಲ, ಅದು ಅರಬ್ಬಿಯ ‘ಖಸ್’ ಅನ್ನೋದು ಇನ್ನು ಕೆಲವರ ಮಾತು. ಅರಬ್ಬಿಯಲ್ಲಿ ಖಸ್ ಅಂದರೆ ಲೆಟ್ಯೂಸ್ ಸೊಪ್ಪೇ. (ನಮ್ಮ ಶರಬತ್ತಿನ ಖಸ್ ಬೇರೆ, ಅದು ಲಾವಂಚ.) ನನಗೆ ಈ ಎರಡನೆಯದೇ ಜಾಸ್ತಿ ಹಿಡಿಸಿದೆ. ಸೊಪ್ಪು ಬೆಳೆದು ತಿನ್ನುವವರ ಬಾಯಲ್ಲಿದ್ದ ಮಾತು ಸೊಪ್ಪಿನ ಜೊತೆಗೇ ಊರೂರು ದಾಟಿ ಬಂದಿರಬಹುದು, ಅಲ್ವಾ?

ರೋಮಿಗಿಂತ ಎಷ್ಟೋ ಮೊದಲೇ ಈಜಿಪ್ಟಿನವರು ಇದನ್ನು ಬೆಳೆಯುತ್ತಿದ್ದರು. ಅಲ್ಲಿನ ಕಾರ್ನಾಕ್‌ನಲ್ಲಿ ಸುಮಾರು 4000 ವರ್ಷ ಹಿಂದಿನ ಬಿಳಿ ಕಲ್ಲಿನ ಮಂಟಪವಿದೆ. ಅದರ ಕೆತ್ತನೆಯಲ್ಲಿ ಮಿನ್ ದೇವರ ಹಿಂದೆ ಎತ್ತರದ ಲೆಟ್ಯೂಸ್ ಗಿಡಗಳು ಸಾಲಾಗಿ ನಿಂತಿವೆ. ಈಜಿಪ್ಟಿನವರಿಗೆ ಮಿನ್ ಅಂದರೆ ಬೆಳೆ ಕೊಡುವ, ಮಕ್ಕಳ ಫಲ ಕೊಡುವ ದೇವರು. ಗಿಡದ ಹಾಲು ನೋಡಿಯೇ ಅವರು ಇದನ್ನು ಆ ದೇವರಿಗೆ ಸೇರಿಸಿದರು ಅಂತ ಓದಿದಾಗ ನನಗೆ ಮೈ ಜುಮ್ಮೆಂದಿತು. ಎರಡು ಬೇರೆ ಜನ, ಕಣ್ಣಿಗೆ ಬಿದ್ದದ್ದು ಅದೇ ಬಿಳಿ ಹನಿ.

ಒಂದು ವಿಷಯ ಮರೆತಿದ್ದೆ. ಸೀಸರ್ ಸಲಾಡ್‌ಗೆ ಹಾಕುವುದು ಈ ರೋಮೇನ್ ಸೊಪ್ಪನ್ನೇ. ಆದರೆ ಆ ಸೀಸರ್ ರೋಮಿನ ಜೂಲಿಯಸ್ ಸೀಸರ್ ಅಲ್ಲ. ಇಟಲಿಯಿಂದ ವಲಸೆ ಬಂದು ಮೆಕ್ಸಿಕೋದ ಟಿಹುವಾನಾದಲ್ಲಿ ಹೋಟೆಲ್ ನಡೆಸುತ್ತಿದ್ದ ಸೀಸರ್ ಕಾರ್ಡಿನಿ. 1924ರಲ್ಲಿ ಅಲ್ಲೇ ಇದು ಶುರುವಾಯಿತು ಅಂತ ಹೇಳುತ್ತಾರೆ. ಆಗ ಎಲೆಯನ್ನು ಹೆಚ್ಚುತ್ತಿರಲಿಲ್ಲ. ಇಡೀ ಎಲೆಯನ್ನೇ ತಟ್ಟೆಗೆ ಬಡಿಸುತ್ತಿದ್ದರು, ಜನ ದಂಟಿನ ತುದಿ ಹಿಡಿದು ಕೈಯಲ್ಲೇ ತಿನ್ನುತ್ತಿದ್ದರು.