ತಕ್ಕಡಿಗೆ ಸಿಗದ ಕಣ

ಕೇಳುಗರಿಗೆ ನಮಸ್ಕಾರ.

ಹಿಂದೆ ಅಕ್ಕಸಾಲಿಗರು ಚಿನ್ನವನ್ನು ಗುಲಗಂಜಿಯ ಲೆಕ್ಕದಲ್ಲಿ ತೂಗುತ್ತಿದ್ದರು. ತೂಗುವಷ್ಟು ಹೊತ್ತು ಚಿನ್ನವಂತೂ ತಟ್ಟೆಯಲ್ಲೇ ಇರುತ್ತಿತ್ತು. ನಾನಿಂದು ಹೇಳಹೊರಟಿರುವ ಎಕ್ಸ್ 3872 ಎಂಬ ಕಣಕ್ಕೆ ಅಷ್ಟು ತಾಳ್ಮೆಯಿಲ್ಲ. ಹುಟ್ಟಿದ ಜಾಗದಿಂದ ಒಂದು ಪರಮಾಣುವಿನ ಅಗಲದಷ್ಟು ದೂರವನ್ನೂ ಸಾಗದೆ ಅದು ಒಡೆದುಹೋಗುತ್ತದೆ.

2003ರ ಮಾತು. ಜಪಾನಿನ ತ್ಸುಕುಬಾದಲ್ಲಿ ಮೂರು ಕಿಲೋಮೀಟರ್ ಸುತ್ತಳತೆಯ ಉಂಗುರದೊಳಗೆ ಎಲೆಕ್ಟ್ರಾನ್‌ಗಳೂ ಅವುಗಳ ಪ್ರತಿಕಣಗಳಾದ ಪಾಸಿಟ್ರಾನ್‌ಗಳೂ ಎದುರುಬದುರಾಗಿ ಓಡಿ ಡಿಕ್ಕಿ ಹೊಡೆಯುತ್ತಿದ್ದವು. ಅಲ್ಲಿನ ಬೆಲ್ ಪ್ರಯೋಗದವರು ಬಿ ಮೀಸಾನ್ ಎಂಬ ಭಾರದ ಕಣಗಳ ಜೋಡಿಗಳು ಹುಟ್ಟಿದ 15 ಕೋಟಿಗೂ ಹೆಚ್ಚು ಘಟನೆಗಳನ್ನು ಜಾಲಾಡಿದರು. ಅವು ಒಡೆದ ಚೂರುಗಳ ನಡುವೆ ಒಂದು ಜೆ-ಸೈ ಕಣ, ಪಯಾನ್ ಎಂಬ ಹಗುರ ಕಣಗಳೆರಡು ಒಟ್ಟಿಗೆ ಸಿಕ್ಕಿದಾಗಲೆಲ್ಲ ಅವುಗಳ ಶಕ್ತಿ, ಸಂವೇಗಗಳನ್ನು ಕೂಡಿಸಿ, ಇವುಗಳನ್ನು ಹೆತ್ತ ಕಣದ ದ್ರವ್ಯರಾಶಿ ಎಷ್ಟಿದ್ದೀತು ಎಂದು ಲೆಕ್ಕ ಹಾಕಿದರು. ನಕ್ಷೆಯ ಎಡಬದಿಗೆ ಗೋಪುರದಂತೆ ಎದ್ದು ನಿಂತದ್ದು ಸೈ-ಪ್ರೈಮ್, ಹಳೆಯ ಪರಿಚಯದ ಕಣ. ಬಲಬದಿಗೆ, ಯಾರೂ ಎದುರುನೋಡದ ಕಡೆ, ಒಂದು ಪುಟ್ಟ ದಿಬ್ಬ. ಅಷ್ಟು ಕೋಟಿಗಳಲ್ಲಿ ಅದರ ಪಾಲಿಗೆ ಬಂದದ್ದು ಸುಮಾರು 36 ಘಟನೆಗಳು!

ಕ್ವಾರ್ಕ್ ಎಂದರೆ ಪ್ರೋಟಾನಿನಂಥ ಕಣಗಳನ್ನು ಕಟ್ಟುವ ಮೂಲ ಕಣ. ಚಾರ್ಮ್ ಎಂಬ ಜಾತಿಯ ಒಂದು ಕ್ವಾರ್ಕ್, ಅದರದೇ ಪ್ರತಿಕ್ವಾರ್ಕ್ ಸೇರಿ ಆದ ಮಾಮೂಲಿ ಕಣವಾಗಿದ್ದರೆ ದಿಬ್ಬ ಅಲ್ಲಿ, ಅಷ್ಟು ಕಿರಿದಾಗಿ ಏಳಬಾರದಿತ್ತು. ಹಾಗಾದರೆ ಇದು ನಾಲ್ಕು ಕ್ವಾರ್ಕ್‌ಗಳ ಬಿಗಿಯಾದ ಗಂಟೋ, ತಲಾ ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್ ಇರುವ ಎರಡು ಡಿ ಮೀಸಾನ್‌ಗಳು ಕೈಕೈ ಹಿಡಿದ ಸಡಿಲ ಜೋಡಿಯೋ?

ಕಂಡದ್ದು ಒಂದು ಸಂಭ್ರಮ. ಗುಣ ಅಳೆಯುವುದು ಹತ್ತು ವರ್ಷದ ದುಡಿಮೆ. ಸ್ಪಿನ್ ಎಂಬ, ಕಣದ ಸಹಜ ತಿರುಗುವಿಕೆಯಂಥ ಗುಣವನ್ನು ನೇರವಾಗಿ ನೋಡಲಾಗದು. ಚೂರುಗಳು ಯಾವ ಯಾವ ಕೋನದಲ್ಲಿ ಹಾರಿದವು ಎಂಬುದರಿಂದಲೇ ಅದನ್ನು ಊಹಿಸಬೇಕು. ಅಮೆರಿಕದ ಫರ್ಮಿಲ್ಯಾಬಿನ ಸಿಡಿಎಫ್ ತಂಡ ಎರಡು ಸಾಧ್ಯತೆಗಳವರೆಗೆ ತಂದು ನಿಲ್ಲಿಸಿತು. 2013ರಲ್ಲಿ ಜಿನೀವಾ ಬಳಿಯ ಎಲ್‌ಎಚ್‌ಸಿಬಿ ಪ್ರಯೋಗದ ತಂಡ ಮುನ್ನೂರು ಚಿಲ್ಲರೆ ಘಟನೆಗಳ ಕೋನಗಳನ್ನು ತಾಳೆ ನೋಡಿ ತೀರ್ಮಾನ ಕೊಟ್ಟಿತು: ಸ್ಪಿನ್ ಒಂದು.

ದ್ರವ್ಯರಾಶಿಯ ಕಥೆ ಇನ್ನೂ ಸೊಗಸು. ಚೂರುಗಳ ದಾರಿಯನ್ನು ಬಾಗಿಸಿ ಅವುಗಳ ಸಂವೇಗ ತಿಳಿಸುವ ಶೋಧಕದ ಕಾಂತಕ್ಷೇತ್ರದ ಅಂದಾಜು ಕೂದಲೆಳೆಯಷ್ಟು ತಪ್ಪಿದರೂ ಉತ್ತರ ಜಾರುತ್ತದೆ. ಅದಕ್ಕೇ ಮೊದಲು ಜೆ-ಸೈ ಕಣವನ್ನೇ ಬಟ್ಟಿನಂತೆ ಇಟ್ಟು ತಕ್ಕಡಿಯನ್ನು ಪರೀಕ್ಷಿಸುತ್ತಾರೆ. ಕಣಗಳ ತೂಕವನ್ನು ಶಕ್ತಿಯ ಅಳತೆಯಲ್ಲೇ ಹೇಳುವುದು ರೂಢಿ; ಜೆ-ಸೈ ತೂಕ, 3096.9 ಮೆಗಾ ಎಲೆಕ್ಟ್ರಾನ್ ವೋಲ್ಟ್, ಎಲ್ಲರೂ ಒಪ್ಪಿದ್ದು. 2020ರಲ್ಲಿ ಎಲ್‌ಎಚ್‌ಸಿಬಿ ಎರಡು ಡಿ ಮೀಸಾನ್‌ಗಳ ಒಟ್ಟು ತೂಕಕ್ಕೂ ಎಕ್ಸ್‌ನ ತೂಕಕ್ಕೂ ಇರುವ ಅಂತರವನ್ನು ಅಳೆಯಿತು. ಸಿಕ್ಕಿದ್ದು 0.07 ಮೆಗಾ ಎಲೆಕ್ಟ್ರಾನ್ ವೋಲ್ಟ್. ಅಳತೆಯ ಅನಿಶ್ಚಿತತೆಯೇ 0.12! ಎಕ್ಸ್ ನಿಜಕ್ಕೂ ಸಡಿಲ ಜೋಡಿಯಾಗಿದ್ದರೆ, ಈ ಅಂತರವೇ ಆ ಜೋಡಿಯನ್ನು ಕಟ್ಟಿಹಾಕಿರುವ ಶಕ್ತಿ. ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಡ್ಯೂಟೆರಾನಿನಲ್ಲಿ ಕಟ್ಟಿಹಾಕಿರುವ 2.2ರ ಮುಂದೆ ಇದು ನೂಲಿನ ಗಂಟು. ಜೋಡಿಯ ತೂಕಕ್ಕಿಂತ ಎಕ್ಸ್ ಒಂದು ಎಳೆ ಕಡಿಮೆಯೋ, ಒಂದು ಎಳೆ ಹೆಚ್ಚೋ, ಈ ತಕ್ಕಡಿ ಹೇಳಲಾರದು.

ಸ್ಪಿನ್ ಗೊತ್ತಾದ ಮೇಲೆ ಕಣಗಳ ಅಧಿಕೃತ ಪಟ್ಟಿಯಲ್ಲಿ ಅದರ ಹೆಸರು ಕೈ-ಸಿ-ಒನ್ 3872 ಎಂದಾಗಿದೆ. ಪ್ರಯೋಗಶಾಲೆಯ ಮಾತುಕತೆಯಲ್ಲಿ ಮಾತ್ರ ಅದು ಇವತ್ತಿಗೂ ಎಕ್ಸ್.