ತಲೆಬಾಗಿ ನಿಂತ ಸಾಹೇಬರು

ಎಲ್ಲರಿಗೂ ನಮಸ್ಕಾರ.

ಸಾಹೇಬರೊಬ್ಬರು ತೀರಿಕೊಂಡಾಗ ಸಂತಾಪ ಸಭೆಯಲ್ಲಿ ಆಡುವ ಮಾತು ಬೇರೆ. ಸಭೆ ಮುಗಿದ ಮೇಲೆ ಅವರ ಕೈಕೆಳಗೆ ದುಡಿದವರು ಟೀ ಅಂಗಡಿ ಮುಂದೆ ನಿಂತು ಆಡುವ ಮಾತು ಬೇರೆ. ನಾನು ಇವತ್ತು ಈ ಎರಡನೇ ಥರದ ನೆನಪಿನ ಬಗ್ಗೆ ಮಾತಾಡುತ್ತೇನೆ.

ಅವರ ಹೆಸರು ಮಸಾವೊ ಯೋಶಿದಾ. ಜಪಾನಿನ ಫುಕುಶಿಮಾ ದೈಇಚಿ ಅಣುವಿದ್ಯುತ್ ಸ್ಥಾವರದ ಮುಖ್ಯಸ್ಥರು. 2013ರ ಜುಲೈ 9ರಂದು ಅನ್ನನಾಳದ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ ಬರೀ 58 ವರ್ಷ. ಓದಿದ್ದು ಅಣು ಎಂಜಿನಿಯರಿಂಗ್. 1979ರಲ್ಲಿ ಟೋಕಿಯೊದ ವಿದ್ಯುತ್ ಕಂಪನಿ ಟೆಪ್ಕೊ ಸೇರಿದರು. 2010ರ ಜೂನ್‌ನಲ್ಲಿ ಈ ಸ್ಥಾವರದ ಮುಖ್ಯಸ್ಥರಾದರು. ವರ್ಷ ತುಂಬುವ ಮೊದಲೇ ಆ ದಿನ ಬಂತು.

2011ರ ಮಾರ್ಚ್ 11, ಮಧ್ಯಾಹ್ನ 2.46. ಭೂಮಿ ನಡುಗಿತು. ಓಡುತ್ತಿದ್ದ ಮೂರು ರಿಯಾಕ್ಟರುಗಳು ತಾವಾಗಿಯೇ ನಿಂತವು. ನಿಂತವಲ್ಲ, ಇನ್ನೇನು ಭಯ ಅಂತ ನೀವು ಕೇಳಬಹುದು. ಒಲೆ ಆರಿಸಿದ ಮೇಲೂ ಕಾವಲಿ ಬಿಸಿ ಇರುತ್ತದೆ ಅಲ್ವಾ? ಈ ಕಾವಲಿ ಇನ್ನೂ ಕೆಟ್ಟದ್ದು. ಒಲೆ ಆರಿದ ಮೇಲೂ ತಾನೇ ಶಾಖ ಹುಟ್ಟಿಸುತ್ತದೆ, ಒಂದೆರಡು ದಿನವಲ್ಲ, ತಿಂಗಳುಗಟ್ಟಲೆ. ಅದಕ್ಕೆ ನೀರು ಬಿಡುತ್ತಲೇ ಇರಬೇಕು. ನೀರಿಗೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಭೂಕಂಪವಾಗಿ ಒಂದು ಗಂಟೆಯೊಳಗೆ ಸುನಾಮಿ ಬಂತು. ಜನರೇಟರು, ಸ್ವಿಚ್‌ಬೋರ್ಡುಗಳಿದ್ದ ಕಡೆಗೆಲ್ಲ ನೀರು ನುಗ್ಗಿತು. 1 ಮತ್ತು 2ನೇ ಘಟಕಗಳ ಕಂಟ್ರೋಲ್ ರೂಮಿನಲ್ಲಿ ದೀಪ ಹೋಯಿತು. ಮೀಟರುಗಳೂ ಸತ್ತವು. ಅಲ್ಲಿನವರು ಕಾರುಗಳ ಬ್ಯಾಟರಿ ಬಿಚ್ಚಿ ತಂದು ಮೀಟರುಗಳಿಗೆ ಕಟ್ಟಿದರು. ನಮ್ಮ ಕೈಗಾದಲ್ಲಿ ಶಿಫ್ಟ್ ಮಾಡಿದವರು ಯಾರಾದರೂ ಇಲ್ಲಿದ್ದರೆ, ಮೀಟರಿಲ್ಲದ ಕಂಟ್ರೋಲ್ ರೂಮ್ ಅಂದರೆ ಏನು ಅಂತ ಅವರನ್ನೇ ಕೇಳಿ.

ಅವತ್ತು ಸಂಜೆ 5.12ಕ್ಕೇ ಯೋಶಿದಾ ಒಂದು ಮಾತು ಹೇಳಿದರು. ಬೆಂಕಿ ಆರಿಸುವ ಗಾಡಿಯಿಂದ ರಿಯಾಕ್ಟರಿಗೆ ನೀರು ಬಿಡಲು ಆಗುತ್ತಾ ನೋಡಿ ಅಂತ. ಅಂಥ ಕೆಲಸ ಅವರ ಕೈಪಿಡಿಯಲ್ಲಿ ಇರಲಿಲ್ಲ. ಸ್ಥಾವರದಲ್ಲಿದ್ದ ಮೂರು ಗಾಡಿಗಳಲ್ಲಿ ಕೂಡಲೇ ಕೈಗೆ ಸಿಕ್ಕಿದ್ದು ಒಂದೇ.

ಇನ್ನು ಎಲ್ಲರಿಗೂ ಗೊತ್ತಿರುವ ಕಥೆ. ಮಾರ್ಚ್ 12ರ ಸಂಜೆ 7.04ಕ್ಕೆ 1ನೇ ರಿಯಾಕ್ಟರಿಗೆ ಸಮುದ್ರದ ನೀರು ಬಿಡಲು ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಪ್ರಧಾನಿ ಕಚೇರಿಯಲ್ಲಿ ಕೂತಿದ್ದ ಕಂಪನಿಯ ಹಿರಿಯರಿಂದ ಫೋನು ಬಂತು. ಇನ್ನೂ ಒಪ್ಪಿಗೆ ಸಿಕ್ಕಿಲ್ಲ, ನಿಲ್ಲಿಸಿ ಅಂತ. ಯೋಶಿದಾ ನೀರು ಬಿಡಿಸುತ್ತಿದ್ದವರ ಹತ್ತಿರ ಹೋದರು. ನಾನೀಗ ನಿಲ್ಲಿಸಿ ಅಂತೀನಿ, ನೀವು ಮಾತ್ರ ನಿಲ್ಲಿಸಬೇಡಿ ಅಂತ ಮೆಲ್ಲಗೆ ಹೇಳಿದರು. ಆಮೇಲೆ ಟೋಕಿಯೊದವರಿಗೆ ಕೇಳುವ ಹಾಗೆ ಜೋರಾಗಿ, ನಿಲ್ಲಿಸಿ ಅಂದರು. ನೀರು ಹರಿಯುತ್ತಲೇ ಇತ್ತು. ಎರಡು ತಿಂಗಳಾದ ಮೇಲೆ ಇದು ಹೊರಗೆ ಬಂತು. ಕಂಪನಿ ಅವರಿಗೆ ಬಾಯಿಮಾತಿನ ಎಚ್ಚರಿಕೆ ಕೊಟ್ಟು ಸುಮ್ಮನಾಯಿತು. ಅಷ್ಟಾದರೂ ಕೊಡಲೇಬೇಕಿತ್ತೇನೋ, ಫೈಲಿಗೆ ಏನಾದರೂ ಬೇಕಲ್ಲ!

ಪೇಪರಿನವರಿಗೆ ಈ ಕಥೆ ಬಹಳ ಇಷ್ಟ. ಮೇಲಿನವರಿಗೆ ಎದುರು ನಿಂತ ಸಾಹೇಬರು ಯಾರಿಗೆ ಬೇಡ? ಆದರೆ ನನ್ನ ತಲೆಯಲ್ಲಿ ಕೂತಿರುವುದು ಮಾರ್ಚ್ 14.

ಅವತ್ತು ಬೆಳಿಗ್ಗೆ 3ನೇ ರಿಯಾಕ್ಟರಿನಲ್ಲಿ ಒತ್ತಡ ಏರಿತು. ಹೊರಗಿದ್ದವರನ್ನು ಯೋಶಿದಾ ಒಳಗೆ ಕರೆಸಿಕೊಂಡರು. ಆದರೆ ನೀರು ನಿಂತರೆ ಕೆಟ್ಟಿತು. ಹಾಗಾಗಿ ಮತ್ತೆ ಹೊರಗೆ ಕಳಿಸಿದರು. 11.01ಕ್ಕೆ ಕಟ್ಟಡವೇ ಸಿಡಿಯಿತು. ನಲವತ್ತಕ್ಕೂ ಜಾಸ್ತಿ ಜನ ಸಿಗುತ್ತಿಲ್ಲ ಅನ್ನುವ ಸುದ್ದಿ ಮೊದಲು ಬಂತು. ಅಷ್ಟು ಜನ ಸತ್ತಿದ್ದರೆ ಅಲ್ಲೇ ಹೊಟ್ಟೆ ಬಗೆದುಕೊಂಡು ಸಾಯೋಣ ಅನ್ನಿಸಿತ್ತು ಅಂತ ಮುಂದೆ ತನಿಖೆಯವರ ಎದುರು ಅವರೇ ಹೇಳಿದ್ದಾರೆ. ಒಬ್ಬೊಬ್ಬರಾಗಿ ಸಿಕ್ಕಿದರು. 11 ಜನರಿಗೆ ಗಾಯವಾಗಿತ್ತು. ಸತ್ತವರು ಯಾರೂ ಇರಲಿಲ್ಲ.

ಆಮೇಲೆ ಅವರು ಎಲ್ಲರನ್ನೂ ಸೇರಿಸಿದರು. ಜನ ಕಲ್ಲಾಗಿ ನಿಂತಿದ್ದರು. ಅವರ ಮುಂದೆ ತಲೆಬಾಗಿ, ನನ್ನ ನಿರ್ಧಾರ ತಪ್ಪಾಯಿತು, ಕ್ಷಮಿಸಿ ಅಂದರು. ಅದರ ಬೆನ್ನಿಗೇ ಇನ್ನೂ ಕಷ್ಟದ ಮಾತು ಹೇಳಬೇಕಿತ್ತು. ಕಲ್ಲುಮಣ್ಣು ತೆಗೆಯಬೇಕು, ಪೈಪು ಮತ್ತೆ ಜೋಡಿಸಬೇಕು, ದಯವಿಟ್ಟು ಹೋಗಿ ಅಂತ. ಎಲ್ಲರೂ ಹೊರಟೇಬಿಟ್ಟರಂತೆ. ಸುಮ್ನೆ ನುಗ್ಗಬೇಡಿ ಅಂತ ತಾನೇ ತಡೆಯಬೇಕಾಯಿತು ಅಂದಿದ್ದಾರೆ.

ತಪ್ಪಾಯಿತು ಅನ್ನುವುದು ಒಂದು. ತಪ್ಪಾಯಿತು ಅಂದ ಬಾಯಲ್ಲೇ ಮತ್ತೆ ಹೋಗಿ ಅನ್ನುವುದು ಇನ್ನೊಂದು. ಎಷ್ಟು ಸಾಹೇಬರಿಗೆ ಈ ಎರಡೂ ಬಾಯಿಗೆ ಬರುತ್ತದೆ, ನೀವೇ ಎಣಿಸಿ.

ಅವರನ್ನು ದೇವರು ಮಾಡಿ ಕೂರಿಸಲು ನಾನು ಬಂದಿಲ್ಲ. 2008ರಲ್ಲಿ ಕಂಪನಿಯೊಳಗೇ ಒಂದು ಲೆಕ್ಕ ಬಂದಿತ್ತು. ದೊಡ್ಡ ಭೂಕಂಪವಾದರೆ ಈ ಸ್ಥಾವರಕ್ಕೆ 15.7 ಮೀಟರ್‌ವರೆಗೆ ಸುನಾಮಿ ಏರಬಹುದು ಅಂತ. ಸ್ಥಾವರದ ಮೊದಲ ನಾಲ್ಕು ಘಟಕಗಳು ನಿಂತ ನೆಲ ಸಮುದ್ರದಿಂದ ಬರೀ 10 ಮೀಟರ್ ಎತ್ತರ. ಆಗ ಕೇಂದ್ರ ಕಚೇರಿಯಲ್ಲಿ ಈ ವಿಷಯ ನೋಡುತ್ತಿದ್ದ ವಿಭಾಗದ ಮುಖ್ಯಸ್ಥರು ಯಾರು ಗೊತ್ತಾ? ಇದೇ ಯೋಶಿದಾ. ಇನ್ನಷ್ಟು ಅಧ್ಯಯನ ಆಗಲಿ ಅಂತ ಕಂಪನಿ ಅದನ್ನು ಮುಂದಕ್ಕೆ ಹಾಕಿತು. ಗೋಡೆ ಏಳಲಿಲ್ಲ. ಮೂರು ವರ್ಷದ ನಂತರ ಆ ನೀರು ಅವರನ್ನೇ ಹುಡುಕಿಕೊಂಡು ಬಂತು. ಅವರ ಬಗ್ಗೆ ಮಾತಾಡುವಾಗ ಇದನ್ನು ಬಿಟ್ಟು ಮಾತಾಡುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

2011ರ ಡಿಸೆಂಬರ್ 1ರಂದು ಅವರು ಆ ಹುದ್ದೆ ಬಿಟ್ಟು ಚಿಕಿತ್ಸೆಗೆ ಹೋದರು. ಆ ತಿಂಗಳುಗಳಲ್ಲಿ ಅವರ ಮೈಗೆ ತಗುಲಿದ ವಿಕಿರಣ ಸುಮಾರು 70 ಮಿಲಿಸೀವರ್ಟ್. ಕ್ಯಾನ್ಸರಿಗೆ ಅದು ಕಾರಣವಿರಲಾರದು ಅಂತ ಕಂಪನಿ ಹೇಳಿತು. ಇಂಥ ಕ್ಯಾನ್ಸರ್ ಬೆಳೆಯಲು ವರ್ಷಗಳೇ ಬೇಕು, ಆದ್ದರಿಂದ ಆ ಮಾತು ಸರಿಯೇ. 2012ರಲ್ಲಿ ಒಂದು ವಿಡಿಯೋದಲ್ಲಿ ಮಾತಾಡಿದರು. ಆ ಅಪಾಯದಲ್ಲೂ ಮತ್ತೆ ಮತ್ತೆ ಹೊರಗೆ ಹೋಗಿ ಬರುತ್ತಿದ್ದವರನ್ನು ನೋಡಿ ಅವರಿಗೆ ಬೌದ್ಧರ ಗ್ರಂಥ ಸದ್ಧರ್ಮಪುಂಡರೀಕ ಸೂತ್ರದ ಸಾಲು ನೆನಪಾಯಿತಂತೆ. ನೆಲ ಬಿರಿದು ಬೋಧಿಸತ್ವರು ಎದ್ದು ಬರುವ ಸಾಲು. ಆ ವಿಡಿಯೋ ಮಾಡಿದ ಕೆಲವೇ ದಿನಕ್ಕೆ ಮೆದುಳಿನಲ್ಲಿ ರಕ್ತಸ್ರಾವವಾಯಿತು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅವರು ಹೋದ ಮೇಲೂ ಒಂದು ಜಗಳ ನಡೆಯಿತು. ಅದು ಅವರ ಜತೆ ದುಡಿದವರ ಮಾನದ ಜಗಳ.

ಮಾರ್ಚ್ 15ರ ಬೆಳಿಗ್ಗೆ ಸ್ಥಾವರದಿಂದ ಸುಮಾರು 650 ಜನ ಹೊರಟು ಹತ್ತಿರದ ಫುಕುಶಿಮಾ ದೈನಿ ಸ್ಥಾವರಕ್ಕೆ ಹೋದರು. ಯೋಶಿದಾ ಜತೆ ಉಳಿದವರು ಸುಮಾರು 70. 2014ರ ಮೇ ತಿಂಗಳಲ್ಲಿ ಅಸಾಹಿ ಪತ್ರಿಕೆ ಒಂದು ವರದಿ ಹಾಕಿತು. ತನಿಖೆಯವರಿಗೆ ಯೋಶಿದಾ ಕೊಟ್ಟ ಹೇಳಿಕೆ ನಮಗೆ ಸಿಕ್ಕಿದೆ, ಅಪ್ಪಣೆ ಮೀರಿ ಶೇಕಡಾ 90ರಷ್ಟು ಜನ ಹೊರಟುಹೋದರು ಅಂತ. ಬೇರೆ ದೇಶದ ಪೇಪರುಗಳು ಇದನ್ನೇ ಎತ್ತಿಕೊಂಡು, ಓಡಿಹೋದರು ಅಂತ ಬರೆದವು. ಕಾರ್ ಬ್ಯಾಟರಿ ಹೊತ್ತವರು, ಕತ್ತಲೆಯಲ್ಲಿ ವಾಲ್ವ್ ತಿರುಗಿಸಲು ಹೋದವರು ಹೇಡಿಗಳಾಗಿಬಿಟ್ಟರು. ಅದೂ ತಮ್ಮ ಸಾಹೇಬರ ಮಾತಿನಿಂದಲೇ! ಆ ಹೇಳಿಕೆ ಹೊರಗೆ ಬರುವುದು ಯೋಶಿದಾಗೆ ಇಷ್ಟವಿರಲಿಲ್ಲ. ನೆನಪಿನಿಂದ ಹೇಳಿದ್ದು, ತಪ್ಪಿರಬಹುದು ಅಂತ ಬದುಕಿದ್ದಾಗಲೇ ಬರೆದುಕೊಟ್ಟಿದ್ದರು.

ಆದರೆ ಇಷ್ಟಾದ ಮೇಲೆ ಮುಚ್ಚಿಟ್ಟು ಪ್ರಯೋಜನವೇನು? 2014ರ ಸೆಪ್ಟೆಂಬರ್ 11ರಂದು ಸರ್ಕಾರ ಹೇಳಿಕೆಯನ್ನು ಬಿಡುಗಡೆ ಮಾಡಿತು. ದೈನಿಗೆ ಹೋಗಿ ಅಂತ ತಾನು ಹೇಳಿರಲಿಲ್ಲ ಅನ್ನುವ ಮಾತು ಅದರಲ್ಲಿ ಇತ್ತು. ಅದರ ಹಿಂದೆಯೇ ಇನ್ನೊಂದು ಮಾತೂ ಇತ್ತು. ಆಮೇಲೆ ಯೋಚಿಸಿ ನೋಡಿದರೆ, ಅವರು ದೈನಿಗೆ ಹೋಗಿದ್ದೇ ಎಷ್ಟೋ ಸರಿ. ಅದೇ ದಿನ ಪತ್ರಿಕೆ ತನ್ನ ವರದಿ ವಾಪಸ್ ಪಡೆದು ಕ್ಷಮೆ ಕೇಳಿತು.

ಅಷ್ಟರಲ್ಲಿ ಸಾಹೇಬರು ಹೋಗಿ ಹದಿನಾಲ್ಕು ತಿಂಗಳಾಗಿತ್ತು.