ಹೊಲಿಗೆ ಮೆಷಿನ್ ಕಟ್ಟಿಸಿದ ಅರಮನೆ

ಕೇಳುಗರಿಗೆಲ್ಲ ನಮಸ್ಕಾರ.

ನಿಮ್ಮ ಮನೆಯಲ್ಲಿ ಹಳೆಯ ಹೊಲಿಗೆ ಮೆಷಿನ್ ಇತ್ತಾ? ಕಪ್ಪು ಮೈ, ಮೇಲೆ ಚಿನ್ನದ ಬಣ್ಣದಲ್ಲಿ ‘ಸಿಂಗರ್’ ಅನ್ನೋ ಅಕ್ಷರ. ಕೆಳಗೆ ಕಾಲಲ್ಲಿ ತುಳಿಯುವ ಕಬ್ಬಿಣದ ಜಾಲರಿ. ಹಬ್ಬ ಹತ್ತಿರ ಬಂತು ಅಂದ್ರೆ ರಾತ್ರಿಯೆಲ್ಲ ಟಕಟಕ ಸದ್ದು. ಸಿಂಗರ್ ಅನ್ನೋದು ಒಬ್ಬ ಮನುಷ್ಯನ ಹೆಸರು. ಅವನ ಮನೆಯೇ ಆಮೇಲೆ ಒಂದು ಊರಿನ ಪುರಸಭೆ ಕಚೇರಿಯಾಯಿತು.

ಐಸಾಕ್ ಸಿಂಗರ್ ಅಮೆರಿಕದವನು. ನಾಟಕದ ಹುಚ್ಚು ಹಿಡಿದು ಊರೂರು ಅಲೆದವನು. 1851ರಲ್ಲಿ ತನ್ನ ಮೆಷಿನ್‌ಗೆ ಪೇಟೆಂಟ್ ಪಡೆದ. ಹಾಗಂತ ಹೊಲಿಗೆ ಮೆಷಿನ್ ಮೊದಲು ಮಾಡಿದವನು ಇವನಲ್ಲ. ತುದಿಯಲ್ಲೇ ಕಣ್ಣಿರುವ ಸೂಜಿಯ ಮೆಷಿನ್‌ಗೆ ಎಲಿಯಾಸ್ ಹೋವ್ 1846ರಲ್ಲೇ ಪೇಟೆಂಟ್ ಪಡೆದಿದ್ದ. ಕೋರ್ಟಿಗೆ ಹೋಗಿ ಗೆದ್ದೂ ಬಿಟ್ಟ. ಸಿಂಗರ್ ದುಡ್ಡು ಕಟ್ಟಬೇಕಾಯಿತು. ಆದರೆ ಕಂತಿನ ಮೇಲೆ ಮಾರಿ ಅದನ್ನು ಮನೆಮನೆಗೆ ಮುಟ್ಟಿಸಿದ್ದು ಸಿಂಗರ್ ಕಂಪನಿ.

ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ನೋಡಲಾರದೆ, ಪ್ರೀತಿಯಿಂದ ಸಿಂಗರ್ ಇದನ್ನು ಮಾಡಿದ ಅಂತ ಗಾಂಧೀಜಿ 1924ರಲ್ಲಿ ಹೇಳಿದ್ದರು. ಓದಿದಾಗ ನನಗೆ ನಗು ತಡೆಯಲಿಲ್ಲ. ಆಸಾಮಿಯ ಸಂಸಾರಗಳು ಒಂದೆರಡಲ್ಲ, ಮಕ್ಕಳು ಇಪ್ಪತ್ತಕ್ಕೂ ಜಾಸ್ತಿ!

ಆ ರಗಳೆಯಲ್ಲೇ ನ್ಯೂಯಾರ್ಕ್ ಬಿಟ್ಟ. ಕೊನೆಗೆ ಇಂಗ್ಲೆಂಡಿನ ಡೆವನ್ ಸೀಮೆಯ ಪೇಂಟನ್ ಅನ್ನೋ ಕಡಲೂರಿಗೆ ಬಂದು ಓಲ್ಡ್‌ವೇ ಮನೆ ಕಟ್ಟಿಸೋಕೆ ಶುರು ಮಾಡಿದ. ಕೆಲಸ ಮುಗಿಯುವ ಮೊದಲೇ, 1875ರಲ್ಲಿ ತೀರಿಕೊಂಡ. ಮಗ ಪ್ಯಾರಿಸ್ ಸಿಂಗರ್ ಅಪ್ಪನ ಮನೆಯನ್ನು ಫ್ರಾನ್ಸಿನ ವರ್ಸೈ ಅರಮನೆಯ ಮಾದರಿಯಲ್ಲಿ ಬದಲಾಯಿಸಿದ. ಅಮೃತಶಿಲೆಯ ಮೆಟ್ಟಿಲು, ಚಾವಣಿ ತುಂಬ ಚಿತ್ರ, ಕನ್ನಡಿಗಳ ಹಜಾರ. ಮೆಟ್ಟಿಲ ಹತ್ತಿರದ ಗೋಡೆಗೆ ಫ್ರಾನ್ಸಿನ ಚಿತ್ರಕಾರ ದಾವಿದ್ ಬರೆದ ಭಾರೀ ಚಿತ್ರ: ನೆಪೋಲಿಯನ್ ತನ್ನ ಹೆಂಡತಿ ಜೋಸೆಫೀನಳಿಗೆ ಕಿರೀಟ ತೊಡಿಸುತ್ತಿರುವುದು.

ಮೊದಲ ಮಹಾಯುದ್ಧದಲ್ಲಿ ಈ ಮನೆ ಗಾಯಾಳು ಸೈನಿಕರ ಆಸ್ಪತ್ರೆಯಾಯಿತು. 1946ರಲ್ಲಿ ಊರಿನ ಆಡಳಿತವೇ ಅದನ್ನು ಕೊಂಡಿತು. ಅದೇ ವರ್ಷ ಆ ಚಿತ್ರ ಫ್ರಾನ್ಸ್ ಸರ್ಕಾರಕ್ಕೆ ಮಾರಾಟವಾಯಿತು. ಈಗ ಅದು ವರ್ಸೈನಲ್ಲಿದೆ. ಪೇಂಟನ್ ಗೋಡೆಗೆ ಆಮೇಲೆ ಅದರ ನಕಲು ಹಾಕಿದರು. ವರ್ಸೈಯನ್ನು ನೋಡಿ ಕಟ್ಟಿದ ಮನೆಯಿಂದ ದಾವಿದ್ ಬರೆದ ಚಿತ್ರ ವರ್ಸೈಗೇ ಹೋಯಿತು. ತಮಾಷೆ ಅಲ್ವಾ?

ಆಮೇಲೆ ಅರವತ್ತು ವರ್ಷಕ್ಕೂ ಜಾಸ್ತಿ ಅಲ್ಲಿ ಸರ್ಕಾರಿ ಕಡತಗಳದ್ದೇ ಕಾರುಬಾರು. ಚಿತ್ರ ಬರೆದ ಚಾವಣಿ ಇರುವ ಮನೆಯಲ್ಲಿ ಊರಿನ ಗುಮಾಸ್ತರು ಕೂತರು. ಜನ ಅಲ್ಲೇ ಮದುವೆಯನ್ನೂ ಮಾಡಿಕೊಂಡರು. 2013ರಲ್ಲಿ ಕಚೇರಿಗಳು ಬೇರೆ ಕಡೆ ಹೋದವು. ಆದರೆ ಆ ಅಮೃತಶಿಲೆಯ ಮೆಟ್ಟಿಲ ಮೇಲೆ ನಿಂತು ತೆಗೆಸಿಕೊಂಡ ಮದುವೆ ಫೋಟೋಗಳು ಆ ಊರಿನ ಮನೆಗಳಲ್ಲಿ ಇನ್ನೂ ಇದ್ದಾವು. ಮದುಮಗಳ ಉದ್ದನೆಯ ಬಿಳಿ ಗೌನು ಹೊಲಿದದ್ದು ಯಾವ ಮೆಷಿನ್ನೋ, ಫೋಟೋದಲ್ಲಿ ಗೊತ್ತಾಗುವುದಿಲ್ಲ.

ನಮಸ್ಕಾರ.